ಬ್ರೂನಿಯನ್ನು ಬೀಫ್ ಎಂದು ಹೊಗಳಿದ ನಮ್ಮತ್ತೆ

ನಮ್ಮತ್ತೆ ಆಲ್ಡಿತ್‌ಗೆ ಎರಡು ನಾಲಿಗೆ ಎಂದು ಊರೇ ಆಡಿಕೊಳ್ಳುತ್ತಿತ್ತು. ಅದರಲ್ಲಿ ಸುಳ್ಳೇನೂ ಇರಲಿಲ್ಲ. ಮದುವೆಗೆ ಮುಂಚೆ ಹನ್ನೆರಡು ವರ್ಷ ಅವರು ದೊರೆಮನೆಯ ಅಡುಗೆಮನೆಯಲ್ಲಿ ಹಂಡೆ ತಿಕ್ಕಿದವರು. ಆ ದೊರೆಗಳು ನಮ್ಮ ತಾತನ ಕಾಲದಲ್ಲಿ ಫ್ರಾನ್ಸಿನ ಕಡೆಯಿಂದ ಸಮುದ್ರ ದಾಟಿ ಬಂದು ಇಂಗ್ಲೆಂಡನ್ನು ಗೆದ್ದವರ ಪೈಕಿ. ಮನೆಯೊಳಗೆ ಇವತ್ತಿಗೂ ಅವರದೇ ಮಾತು.

ನಾವು ಬೆಳಗಿನಿಂದ ಸಂಜೆಯವರೆಗೆ ಓಡುವುದು ಕೌ, ಶೀಪ್, ಪಿಗ್‌ಗಳ ಹಿಂದೆ. ಅವೇ ದೊರೆಮನೆಯ ತಟ್ಟೆಗೆ ಬಂದರೆ ಬೀಫ್, ಮಟನ್, ಪೋರ್ಕ್. ಸಗಣಿ ಬಾಚುವವರ ಬಾಯಲ್ಲಿ ಒಂದು ಹೆಸರು, ಚಪ್ಪರಿಸಿ ತಿನ್ನುವವರ ಬಾಯಲ್ಲಿ ಇನ್ನೊಂದು. ನಮ್ಮೂರಲ್ಲಿ ಎರಡೂ ಗೊತ್ತಿದ್ದವರು ಅತ್ತೆ ಒಬ್ಬರೇ. ಆ ಜಂಬ ಎಷ್ಟಿತ್ತೆಂದರೆ, ನಾನು ಮಾಡಿದ ಬಾರ್ಲಿ ಗಂಜಿಗೂ ದೊರೆಮನೆಯ ಮಾತಿನಲ್ಲೇ ಕೊಂಕು ತೆಗೆಯುತ್ತಿದ್ದರು.

ಮಾವ ಸತ್ತದ್ದು ಕೊಯ್ಲಿನ ನಡುವೆ. ಬದುಕಿದ್ದಾಗಲೂ ಕೆಲಸ ಹೆಚ್ಚಿದ ದಿನವೇ ಅವರಿಗೆ ಸೊಂಟ ಹಿಡಿಯುತ್ತಿತ್ತು. ಒಕ್ಕಲು ಸತ್ತರೆ ಅವನ ಕೊಟ್ಟಿಗೆಯಲ್ಲಿ ಎಲ್ಲಕ್ಕಿಂತ ಒಳ್ಳೆಯ ದನ ದೊರೆಗೆ ಸೇರಬೇಕು, ಅದು ಪದ್ಧತಿ. ನಮ್ಮಲ್ಲಿದ್ದದ್ದು ಎರಡೇ ಹಸು. ಎಳೆಯ ಕಪ್ಪು ಹಸು ಎಲುಬು ಎಣಿಸುವಷ್ಟು ಬಡಕಲು, ಆದರೆ ಹೊತ್ತಿಗೆ ಅರ್ಧ ಕೊಡ ಹಾಲು. ಇನ್ನೊಂದು ಬ್ರೂನಿ, ಅತ್ತೆ ಕರುವಿನಿಂದ ಸಾಕಿದ್ದು. ಮೂರು ವರ್ಷದಿಂದ ಗೊಡ್ಡಾಗಿ, ಮೇದು ಮೇದು ದುಂಡಗಾಗಿತ್ತು. ನನಗೆ ಆಗ ಎದೆಹಾಲು ಬತ್ತಿತ್ತು. ನನ್ನ ಅವಳಿ ಕೂಸುಗಳು ಉಳಿದದ್ದೇ ಕಪ್ಪು ಹಸುವಿನ ಹಾಲಿನಿಂದ. ಅದು ಹೋದರೆ ಮಕ್ಕಳ ಗತಿ ಏನೆಂದು ನೆನೆಯಲೂ ಹೆದರುತ್ತಿದ್ದೆ.

ಮಾವನನ್ನು ಹೂಳಿದ ಮರುದಿನವೇ ದೊರೆಯ ಪಾರುಪತ್ಯಗಾರ ತುರೋಲ್ಡ್ ಇಬ್ಬರು ಆಳುಗಳೊಂದಿಗೆ ಬರುವುದು ಕಾಣಿಸಿತು.

“ಅತ್ತೆ, ಕಪ್ಪು ಹಸೂನ ಕಾಡಲ್ಲಿ ಬಚ್ಚಿಟ್ಬಿಡೋಣ,” ಎಂದೆ.

“ಸಿಕ್ಕಿಬಿದ್ರೆ ಎರಡೂ ಹೋಗ್ತವೆ ಕಣೇ. ಬಾಯ್ಮುಚ್ಕೊಂಡು ನಿಂತ್ಕೊ. ಅಳು ಬಂದ್ರೆ ಮಾವನಿಗೋಸ್ಕರ ಅಂತ ಹೇಳು.”

ತುರೋಲ್ಡ್ ಕೊಟ್ಟಿಗೆಯೊಳಗೆ ಬಗ್ಗಿ ಮೂಗು ಮುಚ್ಚಿಕೊಂಡ. ಮಹಾರಾಯ ದನವನ್ನು ಅಷ್ಟು ಹತ್ತಿರದಿಂದ ಕಂಡದ್ದು ತಟ್ಟೆಯಲ್ಲೇ ಇರಬೇಕು. “ಯಾವ್ದು... ಒಳ್ಳೇದು?” ಎಂದು ನಮ್ಮ ಮಾತಿನಲ್ಲಿ ತಡವರಿಸಿದ.

ಅತ್ತೆ ಕಪ್ಪು ಹಸುವಿನ ಬೆನ್ನು ತಟ್ಟಿದರು. “ಕೌ ಅಂದ್ರೆ ಇದು ಸ್ವಾಮಿ! ಒದೆಯೋದ್ರಲ್ಲಿ ಎತ್ತಿದ ಕೈ. ಕಿವಿ ತುಂಬ ಉಣ್ಣೆಹುಳ, ದಿನಾ ಕೀಳ್ಬೇಕು. ಸಗಣಿ ನೋಡಿ, ಬೇಕಾದ್ರೆ ಮುಟ್ಟಿ ನೋಡಿ!”

ತುರೋಲ್ಡ್ ಎರಡು ಹೆಜ್ಜೆ ಹಿಂದೆ ಸರಿದ.

ಆಮೇಲೆ ಅತ್ತೆ ಬ್ರೂನಿಯ ಕಡೆ ತಿರುಗಿ, ದನಿ ತಗ್ಗಿಸಿ, ಅವನ ಮಾತಿನಲ್ಲಿ ಶುರುಮಾಡಿದರು. ಏನು ಹೇಳಿದರೆಂದು ಅವರ ಬಾಯಿಂದಲೇ ಆಮೇಲೆ ನೂರು ಸಲ ಕೇಳಿದ್ದೇನೆ. “ಇದು ಬಿಡಿ ಸ್ವಾಮಿ, ಬರೀ ಬೀಫು. ಪಕ್ಕೆಗೆ ಮೆಣಸು ಹಚ್ಚಿ ಕೆಂಡದ ಮೇಲೆ ತಿರುಗಿಸ್ತಾ ಇದ್ರೆ ಕೊಬ್ಬು ತೊಟ್ತೊಟ್ಟಾಗಿ ಇಳೀತದೆ. ನಾಲಿಗೆ ಬೇಯಿಸಿ ಸಾಸಿವೆ ಹಚ್ಚಿದ್ರಂತೂ... ಇದೊಂದನ್ನ ಬಡವರಿಗೆ ಬಿಟ್ಬಿಡಿ.”

ತುರೋಲ್ಡ್ ಜೊಲ್ಲು ನುಂಗಿದ. “ಇದೇ! ಈ ಬೀಫೇ ಬೇಕು!”

ಆಳುಗಳು ಹಗ್ಗ ಕಟ್ಟಿ ಎಳೆದರು, ಬಾಲ ತಿರುಚಿದರು, ತಮ್ಮ ಮಾತಿನಲ್ಲಿ ಬೈದರು. ಬ್ರೂನಿ ನಾಲ್ಕು ಕಾಲೂರಿ ನಿಂತಿತು. ಬಿಸಿಲಿಗೆ ಬೆವೆತ ತುರೋಲ್ಡ್ ಬೇಸತ್ತು ಕಪ್ಪು ಹಸುವಿನ ಕಡೆ ನೋಡಿದ.

ಅತ್ತೆ ಆಳಿನ ಕೈಯಿಂದ ಹಗ್ಗ ಕಿತ್ತುಕೊಂಡರು. “ಬಾರೇ ಮಗಳೇ, ಹೋಗೋಣ,” ಎಂದರು, ನಮ್ಮ ಮಾತಿನಲ್ಲಿ. ಬ್ರೂನಿ ತಕ್ಷಣ ಹೊರಟಿತು. ಎರಡು ಮೈಲಿ ದಾರಿಯುದ್ದಕ್ಕೂ ಅತ್ತೆಯ ತೋಳು ನೆಕ್ಕುತ್ತಾ ನಡೆಯಿತು. ಕೂಸುಗಳನ್ನು ಸೊಂಟಕ್ಕೇರಿಸಿಕೊಂಡು ನಾನೂ ಹಿಂದೆ ಹೋದೆ. ಅತ್ತೆ ದೊರೆಮನೆಯ ಅಡುಗೆಮನೆಯ ಹಿತ್ತಲಲ್ಲಿ ಕಟುಕನ ಕೈಗೆ ಹಗ್ಗ ಕೊಟ್ಟರು.

ತುರೋಲ್ಡ್‌ನ ಕಥೆ ಹೇಳಿ ಅತ್ತೆ ಸಾಯುವವರೆಗೂ ಊರನ್ನು ನಗಿಸಿದರು. ಅವನು ಜೊಲ್ಲು ನುಂಗಿದಲ್ಲಿಗೇ ನಿಲ್ಲಿಸಿಬಿಡುತ್ತಿದ್ದರು. ಹಗ್ಗ ಕೊಟ್ಟು ತಾವು ಮನೆಯ ಕಡೆ ತಿರುಗಿದಾಗ ಬ್ರೂನಿಯೂ ತಮ್ಮ ಹಿಂದೆ ಮನೆಯ ಕಡೆ ತಿರುಗಿತೆಂಬುದನ್ನು ಮಾತ್ರ ಯಾರಿಗೂ ಹೇಳಲಿಲ್ಲ.