ಸೋಮವಾರದ ಎಂಟು ಗಂಟೆಯ ಮಾತ್ರೆ

ಮೈಸೂರು ಬಿಟ್ಟಾಗ ಏಳು ಗಂಟೆಗೆ ಹತ್ತು ನಿಮಿಷವಿತ್ತು. ಕಂಡಕ್ಟರ್ ಕೊಟ್ಟ ಶೂನ್ಯ ದರದ ಟಿಕೆಟ್‌ನ ಹಿಂದೆ ಆ ಹೊತ್ತನ್ನು ಬರೆದುಕೊಂಡೆ. ನೆನಪನ್ನು ನಂಬಿ ವರದಿ ಬರೆದು ಒಮ್ಮೆ ತಲೆತಗ್ಗಿಸಿದವಳು ನಾನು. ಸಿಟ್ಟು ಬಂದಾಗಲಂತೂ ನನ್ನ ನೆನಪು ಇನ್ನೊಬ್ಬರ ಮಾತಿಗೆ ತನ್ನದೂ ಎರಡು ಸೇರಿಸಿಬಿಡುತ್ತದೆ.

ವೃದ್ಧಾಶ್ರಮಗಳ ಮೇಲಿನ ದೂರುಗಳನ್ನು ನೋಡುವ ಸಮಿತಿಯಲ್ಲಿದ್ದೇನೆ. ಈ ಸಲದ ದೂರು ಕೆ.ಆರ್. ನಗರದ ಹೆಂಗಸೊಬ್ಬರದು. ಪಿರಿಯಾಪಟ್ಟಣದ ಹತ್ತಿರದ ಆಶ್ರಮದಲ್ಲಿರುವ ಅವರ ತಾಯಿ ಪುಟ್ಟಗೌರಮ್ಮ ಆಗಾಗ ಬೆವೆತು, ನಡುಗಿ, ತೊದಲುತ್ತಾರಂತೆ. ‘ಯಾವ ಮಾತ್ರೆ ಕೊಡುತ್ತಿದ್ದಾರೋ ನೋಡಿ’ ಎಂದು ಬರೆದಿದ್ದರು.

ಹುಣಸೂರಿನಲ್ಲಿ ಬಸ್ಸು ಬದಲಿಸುವಾಗ ಎರಡು ಇಡ್ಲಿ ತಿಂದೆ. ಕಾರ್ತಿಕದ ಚಳಿ. ಮುಂದಿನ ದಾರಿಯುದ್ದಕ್ಕೂ ಹೊಗೆಸೊಪ್ಪಿನ ಬೇಲು ಹೊತ್ತ ಟ್ರ್ಯಾಕ್ಟರ್‌ಗಳ ಹಿಂದೆ ಬಸ್ಸು ತೆವಳಿತು. ಪಿರಿಯಾಪಟ್ಟಣದಿಂದ ಆಟೊದಲ್ಲಿ ಆರು ಕಿಲೋಮೀಟರ್. ತಲುಪಿದಾಗ ಹತ್ತೂವರೆ.

ಆಶ್ರಮದ ಮ್ಯಾನೇಜರ್ ಮೊದಲು ತೋರಿಸಿದ್ದು ಗೋಡೆಯನ್ನು. ಸಿಬ್ಬಂದಿಯ ತರಬೇತಿ ಪ್ರಮಾಣಪತ್ರಗಳು ಗಾಜಿನ ಚೌಕಟ್ಟಿನಲ್ಲಿ ಸಾಲಾಗಿ ಕೂತಿದ್ದವು. "ನಮ್ಮಲ್ಲಿ ಎಲ್ಲರೂ ಟ್ರೈನಿಂಗ್ ಆದವರೇ ಮೇಡಂ."

ಪುಟ್ಟಗೌರಮ್ಮ ಒಳಗೆ ಮಂಚದ ಮೇಲಿದ್ದರು. ಆ ಚಳಿಯಲ್ಲೂ ಹಣೆ ಬೆವೆತಿತ್ತು, ಕೈ ನಡುಗುತ್ತಿತ್ತು. ನೋಡಿಕೊಳ್ಳುವ ಸಾಕಮ್ಮ ಸೆರಗಿನಿಂದ ಒರೆಸುತ್ತಿದ್ದರು.

"ಸೋಮಾರ ಇಂಗೇಯ ಕಣ್ರವ್ವ. ವಯಸ್ಸಾಯ್ತಲ್ಲ."

"ಬೆಳಿಗ್ಗೆ ಏನು ತಿಂದರು?"

"ಏನೂ ಇಲ್ಲ. ಸೋಮಾರ ಒಪ್ಪೊತ್ತಲ್ವ? ಸಂಜೆ ದೀಪ ಅಚ್ಚೋಗಂಟ ನೀರು ಬುಟ್ರೆ ಏನೂ ಮುಟ್ಟಕಿಲ್ಲ."

"ಸಕ್ಕರೆ ಕಾಯಿಲೆ ಮಾತ್ರೆ?"

"ಎಂಟ್ ಗಂಟೆಗೇ ಕೊಟ್ಟಿವ್ನಿ. ಒಂದಿನಾನೂ ತಪ್ಸಿಲ್ಲ."

ಹೆಮ್ಮೆಯಿಂದಲೇ ಹೇಳಿದರು. ಸಕ್ಕರೆ ಇಳಿಸುವ ಮಾತ್ರೆ, ಖಾಲಿ ಹೊಟ್ಟೆ, ಅದೂ ಪ್ರತಿ ವಾರ! ಸಕ್ಕರೆ ತನ್ನಿ ಎಂದು ಕೂಗಿದೆ. ಚಮಚ ಕಂಡದ್ದೇ ಅಜ್ಜಿ ಮುಖ ತಿರುಗಿಸಿದರು. "ಬ್ಯಾಡ ಕಣಮ್ಮಿ... ವ್ರತ ಕೆಡ್ತದೆ." ನಾನು ಸಕ್ಕರೆ ಕಾಯಿಲೆಯ ಬಗ್ಗೆ ಪಾಠ ಶುರುಮಾಡಿದೆ. ಸಾಕಮ್ಮ ನನ್ನನ್ನು ಪಕ್ಕಕ್ಕೆ ಸರಿಸಿ, ಸಕ್ಕರೆಯನ್ನು ತಾಮ್ರದ ಲೋಟದ ನೀರಿಗೆ ಸುರಿದು ಕದಡಿದರು.

"ಶಿವನ್ ತೀರ್ಥ ಕಣಜ್ಜಿ. ತೀರ್ಥ ಕುಡುದ್ರೆ ಯಾವ ವ್ರತ ಕೆಟ್ಟದು?"

ಅಜ್ಜಿ ಗುಟುಕು ಗುಟುಕಾಗಿ ಕುಡಿದರು. ಕಾಲು ಗಂಟೆಯಲ್ಲಿ ಕಣ್ಣು ತಿಳಿಯಾಯಿತು. "ಇವತ್ತಿನ ತೀರ್ಥ ಪಾಯ್ಸ ಇದ್ದಂಗಿತ್ತಲ್ಲಮ್ಮಿ!"

ತಾಲ್ಲೂಕಿನ ಡಾಕ್ಟರಿಗೆ ಫೋನ್ ಮಾಡಿದೆ. ಈಗಲೇ ಏನಾದರೂ ತಿನ್ನಿಸಿ, ಊಟವಿಲ್ಲದ ಹೊತ್ತು ಆ ಮಾತ್ರೆ ಕೊಡಲೇಬಾರದು, ಮಧ್ಯಾಹ್ನ ಬಂದು ನೋಡುತ್ತೇನೆ ಎಂದರು. ಎರಡು ಬಾಳೆಹಣ್ಣು ಪ್ರಸಾದದ ಹೆಸರಿನಲ್ಲಿ ಅಜ್ಜಿಯ ಹೊಟ್ಟೆ ಸೇರಿದವು.

"ಟ್ರೈನಿಂಗ್‌ನಲ್ಲಿ ಏನು ಹೇಳಿಕೊಟ್ಟರು?" ಎಂದು ಸಾಕಮ್ಮನನ್ನು ಕೇಳಿದೆ.

"ಟೈಮ್ ತಪ್ಸಬ್ಯಾಡಿ ಅಂದ್ರು. ಟೀ ಕೊಟ್ರು. ಫೋಟೋ ತಗುದ್ರು."

ಮ್ಯಾನೇಜರ್ ನಡುವೆ ಬಾಯಿ ಹಾಕಿದ. "ಈಕೇದೇ ತಪ್ಪು ಅಂತ ಬರೀರಿ ಮೇಡಂ, ಇವತ್ತೇ ತೆಗೆದುಹಾಕ್ತೀನಿ."

ಆಗ ನಾನು ಏನೆಂದೆ? ನೋಟ್‌ಬುಕ್‌ನಲ್ಲಿ ‘ಗೋಡೆಗೆ ಹೊಡೆಸಿದ ಮೊಳೆಯಷ್ಟಾದರೂ ಖರ್ಚು ಇವಳಿಗೆ ಕಲಿಸಲು ಮಾಡಿದ್ದೀರಾ’ ಎಂದಿದೆ. ಕೂಗಿದೆನೋ, ಬರೀ ಅಂದುಕೊಂಡೆನೋ, ಖಾತ್ರಿಯಿಲ್ಲ. ತಪ್ಪು ಆಶ್ರಮದ್ದು ಎಂದು ವರದಿ ಬರೆದು ಅವನಿಂದ ಸಹಿ ಹಾಕಿಸಿಕೊಂಡದ್ದು ಖಾತ್ರಿ. ಕಾಗದ ನನ್ನ ಚೀಲದಲ್ಲಿದೆ. ಡಾಕ್ಟರು ಬಂದು, ಸೋಮವಾರದ ಮಾತ್ರೆಯನ್ನು ಸಂಜೆಯ ಊಟದ ಹೊತ್ತಿಗೆ ಬದಲಿಸಿ ಹೋದ ಮೇಲೆ ಸಾಕಮ್ಮ ಮಾತ್ರೆ ಡಬ್ಬಿಯ ಸೋಮವಾರದ ಮನೆಯ ಮೇಲೆ ಪೆನ್ನಿನಲ್ಲಿ ಪುಟ್ಟ ದೀಪವೊಂದನ್ನು ಬರೆದರು.

ವಾಪಸ್ ಬಸ್ಸಿನಲ್ಲಿ, ಹುಣಸೂರು ದಾಟಿದ ಮೇಲೆ, ಥಟ್ಟನೆ ಹೊಳೆಯಿತು. ಶಿವರಾತ್ರಿಯ ಉಪವಾಸ ಪ್ರತಿ ವರ್ಷ ಸೋಮವಾರವೇ ಬರುವುದಿಲ್ಲವಲ್ಲ! ಸಾಕಮ್ಮನಿಗೆ ಫೋನ್ ಮಾಡಿದೆ.

"ಶಿವರಾತ್ರೀಲಿ ನಾನೂ ಉಪಾಸ್ವೇಯ ಕಣ್ರವ್ವ, ಮರೀತೀನಾ? ಅಜ್ಜಿ ಯಾವ್ಯಾವತ್ತು ಉಣ್ಣಕಿಲ್ಲ ಅಂತ ನಂಗೆ ಬಾಯಿಪಾಠ. ಕೇಳಿದ್ರೆ ಯೋಳ್ತಿದ್ದೆ. ಯಾರೂ ಕೇಳ್ನಿಲ್ಲ."

ಟಿಕೆಟ್‌ನ ಹಿಂದೆ ಅಷ್ಟನ್ನೂ ಹಾಗೆಯೇ ಬರೆದುಕೊಂಡೆ. ಇದರಲ್ಲಿ ನಾನು ಸೇರಿಸಿದ್ದು ಒಂದಕ್ಷರವೂ ಇಲ್ಲ.