ಬೆರಕೆ ಅಕ್ಕಿಯ ಅನ್ನ

ಕಲ್ಯಾಣದುರ್ಗದ ನಮ್ಮ ಕ್ರೈಸ್ತ ಸಭೆಯಲ್ಲಿ ಒಂದು ಪದ್ಧತಿಯಿತ್ತು. ಹೆಂಗಸರು ಅನ್ನಕ್ಕಿಡುವಾಗಲೆಲ್ಲ ಒಂದು ಹಿಡಿ ಅಕ್ಕಿ ತೆಗೆದು ಬೇರೆ ಗಡಿಗೆಗೆ ಹಾಕಿಟ್ಟು, ಭಾನುವಾರ ಆರಾಧನೆಗೆ ಬರುವಾಗ ತರಬೇಕು. ತೆಲುಗಿನಲ್ಲಿ ಅದಕ್ಕೆ ‘ಪಿಡಿಕೆಡು ಬಿಯ್ಯಂ’ ಎನ್ನುತ್ತಿದ್ದರು. ಎಲ್ಲ ಜಾತಿಯ ಮನೆಗಳ ಅಕ್ಕಿಯೂ ಒಂದೇ ಮೂಟೆಗೆ ಬೀಳುತ್ತಿತ್ತು. ಹಿಂದೂಪುರದಲ್ಲಿದ್ದ ನನ್ನ ತಾಯಿಗೆ ನನ್ನ ಹೊಸ ದೇವರಿಗಿಂತ ಹೆಚ್ಚು ಉರಿ ಎಬ್ಬಿಸಿದ್ದು ಈ ಮೂಟೆ.

ನಮ್ಮದು ನೇಯ್ಗೆಯವರ ಮನೆ. ಮದುವೆಯಾಗಿ ಕಲ್ಯಾಣದುರ್ಗಕ್ಕೆ ಹೋದವಳು ಮಕ್ಕಳಾಗುವ ಮೊದಲೇ ಗಂಡನನ್ನು ಕಳೆದುಕೊಂಡೆ. ಅವರು ಆಸ್ಪತ್ರೆಯಲ್ಲಿ ಮಲಗಿದ್ದಾಗ ಅವರ ಕಡೆಯವರು ಯಾರೂ ಇಣುಕಿ ನೋಡಲಿಲ್ಲ. ಬಿಳಿ ಸೀರೆಯ ಒಬ್ಬ ಮುದುಕಿ ಮಾತ್ರ ಮಧ್ಯಾಹ್ನ ಅನ್ನದ ಕ್ಯಾರಿಯರ್ ಹಿಡಿದು ಬರುತ್ತಿದ್ದಳು. ಊರವರ ಬಾಯಲ್ಲಿ ಅವಳು ಬೈಬಲಮ್ಮ. ಇನ್ನೇನು ಉಪದೇಶ ಶುರುವಾಗುತ್ತದೆಂದು ನಾನು ಮುಖ ಗಂಟು ಹಾಕಿಕೊಂಡು ಕೂತಿದ್ದರೆ, ಅವಳು ಕೇಳಿದ್ದು “ಉಪ್ಪು ಸಾಲ್ದೇನಮ್ಮಾ?” ಎಂದಷ್ಟೇ. ನಾನು ಕ್ರಿಸ್ತನ ಕಡೆ ತಿರುಗಿದ್ದು ಆ ಉಪ್ಪಿನ ಮಾತಿನಿಂದ. ಬೇರೆ ದೊಡ್ಡ ದರ್ಶನವೇನೂ ಆಗಲಿಲ್ಲ.

ದೀಕ್ಷಾಸ್ನಾನವಾದ ಮೇಲೆ ಶಿಷ್ಯತ್ವದ ತರಗತಿಗೆ ಸೇರಿದೆ. ದೇವರು ತನ್ನನ್ನು ಯಾವ ಕೆಲಸಕ್ಕೆ ಕರೆದಿದ್ದಾನೆಂದು ಅಲ್ಲಿ ಒಬ್ಬೊಬ್ಬರೂ ಎದ್ದುನಿಂತು ಹೇಳಬೇಕಿತ್ತು. ಒಬ್ಬರಿಗೆ ಸುವಾರ್ತೆ ಸಾರುವ ಕರೆ, ಒಬ್ಬರಿಗೆ ಹಾಡುವ ಕರೆ. ನನ್ನನ್ನು ಯಾರೂ ಕರೆದ ಹಾಗಿರಲಿಲ್ಲ. ಗಂಡ ಹೋದ ಮೇಲೂ ನಾನು ಬದುಕಿರುವುದು ಏತಕ್ಕೆ ಎಂಬ ಪ್ರಶ್ನೆ ಎದೆಯಲ್ಲಿ ಕಲ್ಲಿನ ಹಾಗೆ ಕೂತಿತ್ತು. ಅಳುತ್ತ ಹೋಗಿ ಬೈಬಲಮ್ಮನಿಗೆ ಹೇಳಿದರೆ ಅವಳು ಅಕ್ಕಿ ಮೂಟೆಯನ್ನು ನನ್ನ ಮುಂದೆ ತಳ್ಳಿದಳು. “ನಂಗೆ ಕೈಲಾಗ್ತಿಲ್ಲ. ಆಸ್ಪತ್ರೆಗೆ ಇನ್ಮೇಲೆ ನೀನು ವಂಡಮ್ಮಾ” ಎಂದಳು. ಅಡುಗೆ ಮಾಡಬೇಕಂತೆ! ಇದಕ್ಕೇನಾ ನಾನು ಮುಳುಗಿ ಎದ್ದದ್ದು ಎಂದು ಮೈಯೆಲ್ಲ ಉರಿಯಿತು.

ಆ ಅಕ್ಕಿಯಂತೂ ನನ್ನ ಜೀವ ಹಿಂಡಿತು. ಒಂದು ಮನೆಯದು ದಪ್ಪ, ಒಂದು ಮನೆಯದು ಸಣ್ಣ, ರೇಷನ್ನಿನ ನುಚ್ಚು ಬೇರೆ. ಒಟ್ಟಿಗೆ ಬೇಯಿಸಿದರೆ ಅರ್ಧ ಮುದ್ದೆ, ಅರ್ಧ ಕಲ್ಲು. ಕಾಲು ಮುರಿದುಕೊಂಡು ಮಲಗಿದ್ದ ಪರಿಗಿ ಕಡೆಯ ಅಜ್ಜ ಒಂದು ತುತ್ತು ತಿಂದು, “ಈ ಅನ್ನದಾಗೆ ಇಡೀ ಬೀದಿ ಜಗಳ ಆಡ್ತೈತೆ ಕಣಮ್ಮ” ಎಂದ. ವಾರ್ಡೆಲ್ಲ ನಕ್ಕಿತು. ನನಗೂ ನಗು ತಡೆಯಲಾಗಲಿಲ್ಲ.

ಆಮೇಲೆ ಜರಡಿ ಹಿಡಿಯುವುದನ್ನು ಕಲಿತೆ. ಕುದಿಯುವ ನೀರಿಗೆ ಮೊದಲು ದಪ್ಪಕ್ಕಿ, ಅದು ಅರೆಬೆಂದ ಮೇಲೆ ಸಣ್ಣಕ್ಕಿ, ಇಳಿಸುವ ಮುಂಚೆ ನುಚ್ಚು. ಕೊನೆಗೊಂದು ದಿನ ಅನ್ನ ಹೂವಿನ ಹಾಗೆ ಅರಳಿತು. ನೋಡಿಕೊಳ್ಳುವವರಿಲ್ಲದೆ ಬಿದ್ದಿದ್ದ ಹೆಂಗಸೊಬ್ಬಳು ಇನ್ನೊಂದು ಸೌಟು ಬೇಕೆಂದು ತಟ್ಟೆ ಚಾಚಿದಾಗ ನನಗೆ ಗೊತ್ತಾಯಿತು. ನನ್ನನ್ನು ಕರೆದದ್ದು ಇಲ್ಲಿಗೇ.

ಅಮ್ಮನಿಗೆ ಮಾತ್ರ ಇದು ಹಾಳು ಬದುಕು. “ಯಾರ್ಯಾರ ಮನೆ ಅಕ್ಕೀನೋ ಮುಟ್ಟೋ ಕೈ ಅದು” ಎಂದು, ನಾನು ಹಬ್ಬಕ್ಕೆ ಹೋದರೆ ನನ್ನ ಕೈಯ ನೀರನ್ನೂ ಕುಡಿಯುತ್ತಿರಲಿಲ್ಲ. ಒಂದು ಮಳೆಗಾಲ ಅವಳು ಮಗ್ಗದ ಗುಂಡಿಯ ಅಂಚಿನಲ್ಲಿ ಜಾರಿ ಬಿದ್ದು ಸೊಂಟ ಮುರಿದುಕೊಂಡಳು. ಸಭೆಯ ಹೆಂಗಸರಿಗೆ ಅಡುಗೆ ಒಪ್ಪಿಸಿ ನಾನು ಹಿಂದೂಪುರಕ್ಕೆ ಹೋದೆ. ಬೇರೆ ದಾರಿಯಿಲ್ಲದೆ ಅಮ್ಮ ನನ್ನ ಕೈಯಿಂದ ಉಂಡಳು, ಮುಖ ಗೋಡೆಯ ಕಡೆಗಿಟ್ಟುಕೊಂಡು. ಅವಳ ತಲೆ ಬಾಚುತ್ತ ನಾನು ಆಸ್ಪತ್ರೆಯವರ ಕಥೆ ಹೇಳುತ್ತಿದ್ದೆ, ಅಕ್ಕಿಯ ಫಜೀತಿಯನ್ನೂ. ಅವಳ ಕಣ್ಣು ಗೋಡೆ ಬಿಟ್ಟು ಕದಲುತ್ತಿರಲಿಲ್ಲ. ಅಣ್ಣ ಒಂದೇ ಪಟ್ಟು ಹಿಡಿದಿದ್ದ: “ಇನ್ನೆಲ್ಲಿಗೆ ಹೋಯ್ತೀಯ? ಮಗ್ಗಕ್ಕೆ ನೂಲಿನ ಕಂಡಿಕೆ ಸುತ್ಕೊಂಡು ಇಲ್ಲೇ ಇದ್ಬುಡು.” ಅಮ್ಮ ಬೇಡವೆಂದರೆ ಮೀರಿ ಹೋಗುವ ಧೈರ್ಯ ನನಗಿರಲಿಲ್ಲ. ಇಲ್ಲಿ ತಾಯಿ, ಅಲ್ಲಿ ವಾರ್ಡು. ಪ್ರಾರ್ಥನೆಗೆ ಕೂತರೂ ಮನಸ್ಸು ಎರಡು ಕಡೆಗೆ ಎಳೆಯುತ್ತಿತ್ತು.

ಅಮ್ಮ ಎದ್ದು ಒಲೆಯ ಮುಂದೆ ಕೂರುವಂತಾದ ಮೇಲೆ ಒಂದು ಬೆಳಿಗ್ಗೆ ನನ್ನ ಬ್ಯಾಗನ್ನು ಅವಳೇ ಬಾಗಿಲಿಗೆ ತಂದಿಟ್ಟಳು. ಅದರ ಮೇಲೆ ಹಳೇ ಸೀರೆಯ ತುಂಡಿನಲ್ಲಿ ಕಟ್ಟಿದ ಗಂಟೊಂದಿತ್ತು. ಮುಟ್ಟಿ ನೋಡಿದೆ, ಅಕ್ಕಿ. ಒಲೆಗೆ ಬಂದಾಗಿನಿಂದ ದಿನಾ ಒಂದು ಹಿಡಿ ತೆಗೆದಿಟ್ಟಿದ್ದಾಳೆ.

“ನಿನ್ ಯೇಸುಸ್ವಾಮಿಗಲ್ಲ. ಆಸ್ಪತ್ರೇಲಿ ಬಿದ್ದಿರೋರಿಗೆ” ಎಂದಳು ಬಿರುಸಾಗಿ.

ನನಗೆ ಎರಡೂ ಒಂದೇ ಆಗಿತ್ತು. ಕಾಲು ಮುಟ್ಟಿದೆ, “ಹೋಗಿ ಬತ್ತೀನಮ್ಮ” ಎಂದೆ. ಅವಳು ಅತ್ತ ತಿರುಗಿಕೊಂಡೇ ಹೇಳಿದಳು:

“ನಮ್ಮನೇದು ದಪ್ಪಕ್ಕಿ. ಮೊದ್ಲೇ ಹಾಕು.”