ಬೂಷ್ಟಿನ ಅಧ್ಯಾಯ, ಕಾಫಿಯ ಮೊಗ್ಗು

ಗೋಡೆಗೆ ಬೂಷ್ಟು ಹಿಡಿದರೆ ಏನು ಮಾಡಬೇಕು? ನಮ್ಮ ಕೊಡಗಿನಲ್ಲಿ ಇದಕ್ಕೆ ಉತ್ತರ ಎಲ್ಲರಿಗೂ ಗೊತ್ತು. ಬಟ್ಟೆಯಲ್ಲಿ ಒರೆಸಬೇಕು. ಮುಂದಿನ ಮಳೆಗಾಲದಲ್ಲಿ ಮತ್ತೆ ಒರೆಸಬೇಕು.

ಆದರೆ ಸತ್ಯವೇದದಲ್ಲಿ ಇದಕ್ಕೆಂದೇ ಸುಮಾರು ಅರ್ಧ ಅಧ್ಯಾಯ ಇದೆ. ಆ ಅರ್ಧ ಅಧ್ಯಾಯ ಈ ಸಲ ನಮ್ಮ ಕಾಫಿ ತೋಟವನ್ನು ಉಳಿಸಿತು. ತಪ್ಪು, ಅರ್ಧ ತೋಟವನ್ನು ಉಳಿಸಿತು. (ನಗಬೇಡಿ. ನಾನು ಆಗಲೇ ನಕ್ಕು ಅತ್ತೆಯ ಕೈಲಿ ಬೈಸಿಕೊಂಡಾಗಿದೆ.)

ಅದು ಮಂಗಳವಾರ ಎಂದು ನನ್ನ ನೆನಪು. ಬುಧವಾರ ಎನ್ನುತ್ತಾರೆ ಅತ್ತೆ. ಇರಲಿ. ಮಾರ್ಚ್ ಬಿಸಿಲು, ಅಷ್ಟಂತೂ ನಿಜ. ಹುದಿಕೇರಿ ಹತ್ತಿರದ ನಮ್ಮ ಸಣ್ಣ ತೋಟದ ರೋಬಸ್ಟಾ ಗಿಡಗಳು ಮೊಗ್ಗು ಹೊತ್ತು ನಿಂತಿದ್ದವು. ಮೊಗ್ಗು ಅರಳಲು ಒಂದು ಮಳೆ ಬೇಕು. ಅರಳಿದ ಹೂವು ಕಾಯಿ ಕಟ್ಟಲು ಕೆಲವು ವಾರದಲ್ಲಿ ಇನ್ನೊಂದು ಮಳೆ ಬೇಕು. ಆಕಾಶ ಕೊಡದಿದ್ದರೆ ಕೆರೆಯ ನೀರನ್ನು ಸ್ಪ್ರಿಂಕ್ಲರ್‌ನಲ್ಲಿ ಹಾರಿಸಬೇಕು.

ನಮ್ಮ ಕೆರೆಯಲ್ಲಿ ಇದ್ದದ್ದು ಇಡೀ ತೋಟಕ್ಕೆ ಒಂದೇ ಸುತ್ತಿಗಾಗುವ ನೀರು. ಈಗ ಹಾರಿಸಿ, ಆಮೇಲೆ ಮಳೆ ಬಾರದಿದ್ದರೆ? ಹೂವೆಲ್ಲ ಉದುರಿ ವರ್ಷದ ಫಸಲು ಹೋಯಿತು. ಹಾರಿಸದೆ ಕಾದು, ಮಳೆ ಬಾರದಿದ್ದರೆ? ಮೊಗ್ಗೇ ಒಣಗಿತು.

ನನ್ನ ಗಂಡ ಜಾನ್ಸನ್ ವರಾಂಡದಲ್ಲಿ ಕೂತು ಫೋನ್ ತಿಕ್ಕುತ್ತಿದ್ದ. ಒಂದು ಹವಾಮಾನ ಆ್ಯಪ್‌ನಲ್ಲಿ ಗುಡುಗು, ಇನ್ನೊಂದರಲ್ಲಿ ಬೋಳು ಸೂರ್ಯ. ಬೇಸತ್ತು ಬೈಬಲ್ ಆ್ಯಪ್ ತೆರೆದ. ಸರ್ಚ್‌ನಲ್ಲಿ ‘ಮಳೆ’ ಎಂದು ಟೈಪ್ ಮಾಡಿದ.

“ಸಿಕ್ಕಿತು ನೋಡು. ಸರಿಯಾದ ಕಾಲಕ್ಕೆ ಮಳೆ ಕೊಡ್ತೇನೆ ಅಂತ ದೇವರೇ ಹೇಳಿದ್ದಾರೆ. ಕಾಯುವ.”

ನಾನು ಬಿಡುತ್ತೇನೆಯೇ? ನನ್ನ ಫೋನಿನಲ್ಲಿ ‘ಮೋಡ’ ಎಂದು ಟೈಪ್ ಮಾಡಿದೆ. ಸತ್ಯವೇದದ ‘ಪ್ರಸಂಗಿ’ ಪುಸ್ತಕ ಸಿಕ್ಕಿತು. ಮೋಡ ನೋಡುತ್ತಾ ಕೂತವನು ಕೊಯ್ಯುವುದಿಲ್ಲ ಎನ್ನುವ ಮಾತು.

“ಕೇಳಿತಾ? ಪಂಪ್ ಸ್ಟಾರ್ಟ್ ಮಾಡುವ.”

“ನಿಂದು ಹಳೇ ಒಡಂಬಡಿಕೆ.”

“ನಿಂದೆಂತ, ಹೊಸದಾ?”

ಅಷ್ಟರಲ್ಲಿ ಅತ್ತೆ ಚಹಾ ತಂದರು. ನಮ್ಮಿಬ್ಬರ ಫೋನಿಗೂ ಇಣುಕಿದರು. “ಇದೆಂತ, ಹೋಟ್ಲಿನ ಮೆನು ಕಾರ್ಡಾ? ಬೇಕಾದ್ದನ್ನು ಆರ್ಡರ್ ಮಾಡ್ಲಿಕ್ಕೆ? ಇಡಿ ಅದನ್ನು. ಇವತ್ತಿನ ಭಾಗ ಓದುವ.”

ಅತ್ತೆಯ ನಿಯಮ ಸರಳ. ದಿನಕ್ಕೊಂದು ಅಧ್ಯಾಯ, ಸಾಲಾಗಿ. ಹಾರುವಂತಿಲ್ಲ, ಆರಿಸುವಂತಿಲ್ಲ. ವಂಶಾವಳಿ ಬಂದರೂ ಓದಬೇಕು. ದೊಡ್ಡ ಕೆಲಸಕ್ಕೆ ಕೈ ಹಾಕುವುದು ಆ ದಿನದ ಭಾಗ ಓದಿದ ಮೇಲೆಯೇ. ಮದುವೆಯಾಗಿ ಬಂದ ಹೊಸದರಲ್ಲಿ ಇದು ನನಗೆ ಹಠದ ಹಾಗೆ ಕಾಣುತ್ತಿತ್ತು.

ಆ ದಿನದ ಭಾಗ ಯಾಜಕಕಾಂಡದಲ್ಲಿತ್ತು. ಬೂಷ್ಟಿನದ್ದು. ಜಾನ್ಸನ್ ಹುಣಸೆ ತಿಂದ ಮುಖದಲ್ಲಿ ಓದಿದ. ಮನೆಯವನು ಯಾಜಕನ, ಅಂದರೆ ಪುರೋಹಿತನ, ಹತ್ತಿರ ಬಂದು ಗೋಡೆಯಲ್ಲಿ ಏನೋ ಗುರುತಿನ ಹಾಗೆ ಕಾಣುತ್ತದೆ ಎನ್ನಬೇಕು. ಯಾಜಕ ಸಾಮಾನೆಲ್ಲ ಹೊರಗೆ ಹಾಕಿಸಿ, ಒಳಗೆ ಹೋಗಿ ನೋಡಬೇಕು. ಬಾಗಿಲು ಮುಚ್ಚಿಸಿ, ವಾರ ಬಿಟ್ಟು ಮತ್ತೆ ಬಂದು ನೋಡಬೇಕು. ಬೂಷ್ಟು ಹರಡಿದ್ದರೆ ಮೊದಲು ಆ ಕಲ್ಲುಗಳನ್ನಷ್ಟೇ ಕೀಳಿಸಬೇಕು.

“ಆಮೆನ್. ಅಮ್ಮ, ಇದು ಬೂಷ್ಟು. ನಮಗೆ ಬೇಕಾದ್ದು ಮಳೆ.”

“ಆ ಯಾಜಕ ಮನೇಲಿ ಕೂತು ತೀರ್ಮಾನ ಹೇಳಿದ್ನಾ?”

“ಇಲ್ಲ.”

“ಮತ್ತೆ ಎಂತ ಮಾಡಿದ?”

“ಹೋಗಿ ನೋಡಿದ.”

“ನೀನು ಕೆಳಗಿನ ತೋಟಕ್ಕೆ ಹೋಗಿ ಎಷ್ಟು ದಿನ ಆಯ್ತು?”

ಜಾನ್ಸನ್ ಆರಿದ ಚಹಾವನ್ನು ಒಂದೇ ಗುಟುಕಿಗೆ ಕುಡಿದ.

ಹೋದೆವು. ನೋಡಿದೆವು. ನಿಂತಲ್ಲೇ ನಿಂತೆವು! ಕೆರೆಯ ಬದಿಯ ಕೆಳಗಿನ ತೋಟದಲ್ಲಿ ಮೊಗ್ಗು ಉಬ್ಬಿ, ಬೆಣ್ಣೆಯ ಬಣ್ಣಕ್ಕೆ ತಿರುಗಿ, ಇನ್ನು ತಡೆಯಲಾರೆ ಎನ್ನುವಂತಿತ್ತು. ಮನೆಯ ಮಗ್ಗುಲಿನ ಮೇಲಿನ ತೋಟದಲ್ಲಿ ಮೊಗ್ಗು ಇನ್ನೂ ಹಸಿರು, ಇನ್ನೂ ಗಟ್ಟಿ. ಅದಕ್ಕೆ ಅವಸರವೇ ಇರಲಿಲ್ಲ. ವಾರವಿಡೀ ‘ತೋಟ, ತೋಟ’ ಎಂದು ಜಗಳವಾಡಿದ್ದೆವಲ್ಲ, ಅಲ್ಲಿದ್ದದ್ದು ಎರಡು ತೋಟ! ಅವನ ‘ಕಾಯುವ’ ಎಂಬುದೂ ಸರಿ, ನನ್ನ ‘ಪಂಪ್’ ಕೂಡ ಸರಿ. ವರಾಂಡದಿಂದ ಅದು ಕಾಣುತ್ತಿರಲಿಲ್ಲ, ಅಷ್ಟೆ.

ಆ ಯಾಜಕನ ಹಾಗೆ ಕೆಟ್ಟ ಕಲ್ಲು ಯಾವುದು ಎಂದು ನೋಡದೆ ಇಡೀ ಮನೆಯ ಮಾತಾಡಿದ್ದೆವು. ಕೆರೆಯ ನೀರಷ್ಟೂ ಕೆಳಗಿನ ತೋಟಕ್ಕೆ, ಎರಡು ಸುತ್ತಿಗೂ ಅದಕ್ಕೇ ಎಂದು ತೀರ್ಮಾನವಾಯಿತು. ಮೇಲಿನ ತೋಟ ಆಕಾಶಕ್ಕೆ ಬಿಟ್ಟದ್ದು. ಮಧ್ಯಾಹ್ನದೊಳಗೆ ಪಂಪ್ ಗುಡುಗುಡು ಎಂದಿತು.

ಸ್ಪ್ರಿಂಕ್ಲರ್ ನಿಂತ ಕೂಡಲೇ ಹೂವು ಅರಳಿದ ಹಾಗೆ ನನ್ನ ತಲೆಯಲ್ಲಿ ಒಂದು ಚಿತ್ರ ಇದೆ. ಸುಳ್ಳು ಚಿತ್ರ. ಅರಳಲು ವಾರದ ಮೇಲಾಯಿತು. ಆದರೆ ಅರಳಿದ ಬೆಳಿಗ್ಗೆ, ಅಬ್ಬ, ಕಿಟಕಿ ತೆರೆದರೆ ಪರಿಮಳ ಎದೆಗೆ ಗುದ್ದಿತು! ಕೆಳಗಿನ ತೋಟ ಪೂರ್ತಿ ಬಿಳಿ.

ಭಾನುವಾರ ಚರ್ಚಿನಲ್ಲಿ ಜಾನ್ಸನ್, ದೇವರು ಮಾಡಿದ ಉಪಕಾರಕ್ಕೆ ಎಲ್ಲರೆದುರು ಸಾಕ್ಷಿ ಹೇಳಲು ಎದ್ದ. “ಆ ದಿನ ಬೆಳಿಗ್ಗೆ ಕುಟುಂಬ ಪ್ರಾರ್ಥನೆಗೆ ಕೂತಾಗ, ಮೋಡ ನೋಡುವವನು ಕೊಯ್ಯುವುದಿಲ್ಲ ಎಂಬ ವಾಕ್ಯವನ್ನೇ ದೇವರು ನಮಗೆ ಕೊಟ್ಟರು...” ಬೆಂಚುಗಳಿಂದ “ಸ್ತೋತ್ರ” ಎಂದು ಕೇಳಿಸಿತು.

ನಾನು ಬಾಯಿ ತೆರೆದು ಕೂತೆ. ಅವನು ಸುಳ್ಳು ಹೇಳುತ್ತಿರಲಿಲ್ಲ. ಅವನಿಗೆ ಹಾಗೆಯೇ ನೆನಪಾಗಿತ್ತು! ನೆನಪು ಎಂಬುದು ಎಂಥ ಅಚ್ಚುಕಟ್ಟಿನ ಮೇಸ್ತ್ರಿ ನೋಡಿ. ಎರಡೇ ವಾರದೊಳಗೆ ಬೂಷ್ಟಿನ ಗೋಡೆಗೆ ಸುಣ್ಣ ಬಳಿದು ವಚನ ತೂಗುಹಾಕಿತ್ತು.

ಹೆಂಗಸರ ಸಾಲಿನಿಂದ ಅತ್ತೆಯ ಧ್ವನಿ ಬಂತು. “ಬೂಷ್ಟು ಅಂತ ಹೇಳು ಜಾನಿ.”

ಚರ್ಚಿಗೆ ಚರ್ಚೇ ತಿರುಗಿತು.

“ಅರ್ಧ ತೋಟ ಅಂತಲೂ ಹೇಳು.”

ಪಾಸ್ಟರ್ ಕರವಸ್ತ್ರದಲ್ಲಿ ಬಾಯಿ ಒರೆಸಿಕೊಂಡರು. (ನಗು ಒರೆಸಿದ್ದು.) ಜಾನ್ಸನ್ ಕೆಂಪಾಗಿ ಮೊದಲಿಂದ ಹೇಳಿದ, ಈ ಸಲ ಬೂಷ್ಟಿನ ಸಮೇತ.

ಹೊರಗೆ ಬಂದ ಮೇಲೆ ಅತ್ತೆಯನ್ನು ಕೇಳಿದೆ, “ಅಷ್ಟು ಜನರೆದುರು ಬೇಕಿತ್ತಾ?” ಅವರೆಂದರು, “ನಾಳೆ ಯಾರೋ ಕಷ್ಟದಲ್ಲಿ ಸತ್ಯವೇದ ತೆಗೀತಾರೆ. ಬೂಷ್ಟು ಬರ್ತದೆ. ‘ಜಾನಿಗೆ ಸರಿಯಾದ ವಾಕ್ಯ ಸಿಕ್ಕಿತು, ನನಗೆ ಮಾತ್ರ ಇದು’ ಅಂತ ಮುಚ್ಚಿಟ್ಟು ಬಿಡ್ತಾರೆ. ಪಾಪ ಅಲ್ವಾ?”

ಈ ಮಾತು ನನ್ನನ್ನು ಕೂತಲ್ಲಿ ಕೂರಲು ಬಿಡುತ್ತಿಲ್ಲ. ಅಚ್ಚುಕಟ್ಟಾದ ಸಾಕ್ಷಿಗಳನ್ನು ಕೇಳಿ ಕೇಳಿ ನಮ್ಮಲ್ಲಿ ಎಷ್ಟು ಮಂದಿ ಓದುವುದನ್ನೇ ಬಿಟ್ಟಿದ್ದೇವೆ? ಪೊನ್ನಂಪೇಟೆ ಬಸ್ಸಿನ ಬೋರ್ಡಿನ ಹಾಗೆ ದಾರಿ ಬರೆದುಕೊಂಡೇ ವಾಕ್ಯ ಬರಬೇಕೆಂದು ಯಾಕೆ ಕಾಯುತ್ತೇವೆ? ನಾವು ಹುಡುಕಿದ ವಾಕ್ಯಗಳು ನಮ್ಮಿಬ್ಬರನ್ನೂ ವರಾಂಡದಲ್ಲೇ ಕೂರಿಸಿದ್ದವು. ನಾವು ಹುಡುಕದೆ ಬಂದದ್ದು ಎಬ್ಬಿಸಿ ಕಳಿಸಿತು. ಇದು ಎಲ್ಲರಿಗೂ ಹೀಗೆಯೇ ಆಗುತ್ತದೆ ಎಂದು ನಾನು ಬರೆದುಕೊಡಲಾರೆ. ನಾಳೆಯೂ ಓದುತ್ತೇನೆ, ಅದನ್ನು ಬರೆದುಕೊಡಬಲ್ಲೆ.

ಮಳೆ ಬಂತಾ ಎಂದು ಕೇಳುತ್ತೀರಿ. ಇದನ್ನು ಬರೆಯುವ ಹೊತ್ತಿಗೆ ಇಲ್ಲ. ಮೇಲಿನ ತೋಟ ಇನ್ನೂ ಕಾಯುತ್ತಿದೆ, ನಾವೂ ಕಾಯುತ್ತಿದ್ದೇವೆ.

ಇವತ್ತು ಬೆಳಿಗ್ಗೆ ಯಾಜಕಕಾಂಡ ಮುಗಿದು ಸತ್ಯವೇದದ ಮುಂದಿನ ಪುಸ್ತಕ ಅರಣ್ಯಕಾಂಡ ಶುರುವಾಯಿತು. ಜನಗಣತಿ. ಕುಲ, ಹೆಸರು, ಲೆಕ್ಕ. ಜಾನ್ಸನ್ ಓದಿ ಮುಗಿಸಿ ಉಸಿರು ಬಿಟ್ಟ. “ಅಮ್ಮ, ಇವತ್ತು ಎಂತದೂ ಇಲ್ಲ. ಬರೀ ಹೆಸರು.”

ಅತ್ತೆ ಕನ್ನಡಕ ತೆಗೆದು ಮಡಚಿದರು.

“ಒಬ್ಬೊಬ್ಬರ ಹೆಸರು ಕೇಳಿ ಬರ್ಕೊಂಡಿದ್ದಾರಲ್ಲ ಮಾರಾಯ. ನೀನು ಮೇಲಿನ ತೋಟಕ್ಕೆ ಹೋಗಿ ಎಷ್ಟು ದಿನ ಆಯ್ತು?”